ಬಾಗಿಲು ತೆಗೆದಿಟ್ಟು ಪಾಠ: ಶಿಡ್ಲಘಟ್ಟದ ನನ್ನ ಅನುಭವ

ಗಂಡನ ಮನೆಯ ಹಿಂಸೆ ದಾಟಿ ಬಂದ ಹೆಂಗಸರನ್ನು ಎಸ್ಸೆಸ್ಸೆಲ್ಸಿಗೆ ಕೂರಿಸುತ್ತೇನೆ ಅಂದಾಗ ನಮ್ಮ ಬಳಗದವರೇ ನಕ್ಕಿದ್ದರು. "ಮೊದಲು ಕೌನ್ಸೆಲಿಂಗ್ ಮುಗೀಲಿ, ಪಾಠ ಆಮೇಲೆ" ಅಂತ. ಈಗ ಖಾಸಗಿ ಅಭ್ಯರ್ಥಿಗಳಾಗಿ ಬರೆದ ಹತ್ತು ಹನ್ನೆರಡು ಮಂದಿಯಲ್ಲಿ ಎಂಟು ಜನ ಪಾಸು. ನಕ್ಕವರೇ ಫೋನ್ ಮಾಡಿ ಹೇಗೆ ಅಂತ ಕೇಳುತ್ತಿದ್ದಾರೆ.

ಮೊದಲ ತಂಡ ಎರಡೇ ತಿಂಗಳಲ್ಲಿ ಖಾಲಿಯಾಯಿತು. ಹಾಲ್ ಬಾಡಿಗೆ ಮೂರೂವರೆ ಸಾವಿರ. ಪಕ್ಕದಲ್ಲೇ ಗೂಡಿನಿಂದ ನೂಲು ತೆಗೆಯುವ ರೇಷ್ಮೆ ರೀಲಿಂಗ್ ಘಟಕ. ಸದ್ದು, ವಾಸನೆ ಅಂತ ಬಾಗಿಲು ಹಾಕಿಕೊಂಡು ಪಾಠ ಮಾಡಿದೆವು. ಹನ್ನೆರಡು ಸಾವಿರದ ಉದ್ದ ಬೆಂಚುಗಳಲ್ಲಿ ನಡುವೆ ಕೂತವರಿಗೆ ಎದ್ದು ಹೋಗಲು ದಾರಿಯೇ ಇರಲಿಲ್ಲ. ಮೇಷ್ಟ್ರು ಹಿಂದಿನಿಂದ ಬಂದು ನೋಟ್ಸಿಗೆ ಬಗ್ಗಿದರೆ ಒಬ್ಬಾಕೆಯ ಕೈ ಪೆನ್ನು ಹಿಡಿಯುತ್ತಲೇ ಇರಲಿಲ್ಲ.

ಬೆಂಚು ಅರ್ಧ ಬೆಲೆಗೆ ಹೋದವು. ಪ್ಲಾಸ್ಟಿಕ್ ಕುರ್ಚಿ ತಂದೆವು, ಒಂದಕ್ಕೆ ನಾನೂರು ಚಿಲ್ಲರೆ. ಯಾರು ಎಲ್ಲಿ ಬೇಕಾದರೂ ಹಾಕಿಕೊಳ್ಳಲಿ ಅಂದರೆ ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಹಾಗೆ ಕೂತರು! ಬಾಗಿಲು ಸದಾ ತೆರೆದೇ ಇರುತ್ತದೆ. ಹೊರಗೆ ಹೋಗಲು ಯಾರನ್ನೂ ಕೇಳಬೇಕಿಲ್ಲ. ಇವತ್ತು ಏನು, ಎಷ್ಟು ಹೊತ್ತಿಗೆ ಬಿಡುತ್ತೇವೆ ಅನ್ನುವುದು ಮೊದಲೇ ಬೋರ್ಡಿನ ಮೇಲೆ. ದಿಢೀರ್ ಟೆಸ್ಟ್ ಇಲ್ಲ. ನೋಟ್ಸ್ ಅವರೇ ತಂದು ತೋರಿಸಿದರೆ ಮಾತ್ರ ನೋಡುವುದು. ಅವರ ಕಥೆಯನ್ನು ನಾವಾಗಿ ಕೆದಕುವುದಿಲ್ಲ. ತಾವಾಗಿ ಹೇಳಿಕೊಂಡು ಸಹಾಯ ಕೇಳಿದರೆ 181 ಮಹಿಳಾ ಸಹಾಯವಾಣಿ, ಇಲ್ಲವೇ ಹಿಂಸೆಗೊಳಗಾದ ಹೆಂಗಸರಿಗೆ ನೆರವಾಗುವ ಸರ್ಕಾರದ ಸಖಿ ಕೇಂದ್ರ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಅರ್ಜಿ ಹಾಕುವುದಿದ್ದರೆ ಸಂರಕ್ಷಣಾಧಿಕಾರಿಯೂ ಆಗಿರುವ ಸಿಡಿಪಿಒ (ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಹತ್ತಿರ ಜೊತೆಗೆ ಹೋಗುತ್ತೇವೆ.

ಕಣ್ಣು ಮುಚ್ಚಿ ಉಸಿರಾಡಿಸುವ ಪ್ರಯೋಗವನ್ನೂ ಮಾಡಿದೆವು. ಕಣ್ಣು ಮುಚ್ಚಿದರೆ ಕೆಲವರಿಗೆ ಗಾಬರಿ ಜಾಸ್ತಿ. ಈಗ ಕಣ್ಣು ತೆರೆದೇ ಪಾದ ನೆಲಕ್ಕೆ ಒತ್ತಿ, ಕಾಣುವ ಐದು ವಸ್ತುಗಳ ಹೆಸರು ಹೇಳುತ್ತಾರೆ. ನೋಟ್ಸ್ ತಿದ್ದಲು ಕೆಂಪು ಇಂಕಿನ ಬದಲು ಹಸಿರು ಇಂಕು ಬಳಸಿ ನೋಡಿದೆ. ಏನೂ ವ್ಯತ್ಯಾಸ ಇಲ್ಲ, ಸುಮ್ನೆ ಖರ್ಚು. ಗಣಿತದ ಲೆಕ್ಕಗಳನ್ನು ರೇಷ್ಮೆ ಗೂಡಿನ ಮಾರುಕಟ್ಟೆಯ ಕೆಜಿ ರೇಟಿಗೆ ಬದಲಾಯಿಸಿದ್ದು ಮಾತ್ರ ಚೆನ್ನಾಗಿ ಹತ್ತಿತು. ನಮ್ಮಲ್ಲಿ ಲಾಭ-ನಷ್ಟ ಬಾಯಲ್ಲೇ ಹೇಳುವವರು ಇದ್ದಾರೆ, ಅಲ್ವಾ? ಆದರೂ ಗಣಿತದಲ್ಲಿ ಮೂವರು ಫೇಲಾದರು. 2024ರಲ್ಲಿ ಪರೀಕ್ಷೆ-1, 2, 3 ಅಂತ ವರ್ಷಕ್ಕೆ ಮೂರು ಅವಕಾಶ ಬಂದದ್ದು ಒಳ್ಳೆಯದಾಯಿತು. ಇಬ್ಬರು ಎರಡನೆಯದರಲ್ಲಿ ದಾಟಿಕೊಂಡರು.

ಹಳೆಯ ಟಿ.ಸಿ. ಗಂಡನ ಮನೆಯಲ್ಲೇ ಉಳಿದಿದ್ದರೆ ದಾಖಲೆ ಹೊಂದಿಸಲು ನಮ್ಮದೊಂದು ದಾರಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಗಂಡಂದಿರೂ ಓದುತ್ತಾರೆ.

ಒಂದು ಸಂಸ್ಥೆಯವರು ನಲವತ್ತು ಸಾವಿರ ಕೊಡುತ್ತೇವೆ, ತರಗತಿಯ ಫೋಟೋ ಬೇಕು ಅಂದರು. ಆಗುವುದಿಲ್ಲ ಅಂದೆ, ದುಡ್ಡು ಹೋಯಿತು. ಆಮೇಲೆ ಊರಿನ ರೇಷ್ಮೆ ವ್ಯಾಪಾರಿ ಒಬ್ಬರು ಬರೀ ರಸೀದಿ ಕೇಳಿ ಐದಾರು ತಿಂಗಳ ಬಾಡಿಗೆ ಕೊಟ್ಟರು. ಮುಂದಿನ ತಂಡ ಚಿಂತಾಮಣಿಯಲ್ಲಿ. ಕುರ್ಚಿ ಸಿಕ್ಕಿವೆ. ಗದರದೆ ಗಣಿತ ಹೇಳಿಕೊಡುವ ಮೇಷ್ಟ್ರು ಮಾತ್ರ ಇನ್ನೂ ಸಿಕ್ಕಿಲ್ಲ.