ಲೈಟ್ ರೂಮಿನ ಮಕ್ಕಳು

ಚರ್ಮರೋಗ ವಿಭಾಗದ ಫೋಟೊಥೆರಪಿ ಕೋಣೆಯಲ್ಲಿ, ಅಂದರೆ ಮೈಗೆ ನೇರಳಾತೀತ ಬೆಳಕು ಹಾಯಿಸಿ ಚಿಕಿತ್ಸೆ ಕೊಡುವಲ್ಲಿ, ನಾನು ನರ್ಸ್. ಬರುವವರ ಬಾಯಲ್ಲಿ ಅದು 'ಲೈಟ್ ಕೊಡೋ ರೂಮು'. ತೊನ್ನು, ಸೋರಿಯಾಸಿಸ್‌ನವರೇ ಹೆಚ್ಚು. ಅಪರೂಪಕ್ಕೆ ಮೈಕೋಸಿಸ್ ಫಂಗಾಯ್ಡಿಸ್ ಇರುವ ಮಕ್ಕಳೂ ಬರುತ್ತಾರೆ. ಟಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಚರ್ಮದಲ್ಲಿ ನೆಲೆಯೂರಿ ಬೆಳೆಯುವ ಲಿಂಫೋಮಾ, ಅಂದರೆ ಒಂದು ಬಗೆಯ ಕ್ಯಾನ್ಸರ್, ಅದು. ನಮ್ಮಂಥ ಕಂದು ಮೈಬಣ್ಣದ ಮಕ್ಕಳಲ್ಲಿ ಹೆಚ್ಚಾಗಿ ಬಿಳಿಚಿದ ಮಚ್ಚೆಗಳಾಗಿ, ಅದೂ ತೊಡೆ, ಸೊಂಟ, ಕುಂಡೆಯಂಥ ಬಟ್ಟೆ ಮುಚ್ಚುವ ಕಡೆಯೇ ಕಾಣಿಸುತ್ತದೆ. ನಮ್ಮಲ್ಲಿಗೆ ತಲುಪುವಷ್ಟರಲ್ಲಿ ಸಿಬ್ಬು ಅಂತ ಮುಲಾಮು, ಜಂತುಹುಳ ಅಂತ ಮಾತ್ರೆ, ಕ್ಯಾಲ್ಸಿಯಂ ಕಮ್ಮಿ ಅಂತ ಟಾನಿಕ್ಕು, ಎಲ್ಲ ಮುಗಿದಿರುತ್ತದೆ.

ಬಯಾಪ್ಸಿ ರಿಪೋರ್ಟ್ ಬಂದು ಡಾಕ್ಟರು ವಿವರಿಸಿದ ಮೇಲೆ ತಾಯಂದಿರು ನನ್ನ ಹತ್ತಿರ ಬಂದು ಕೇಳುವುದು ಒಂದೇ: "ತೊನ್ನಲ್ಲ ತಾನೇ ಸಿಸ್ಟರ್?" ಅಲ್ಲ ಅಂದರೆ ಸಾಕು, ಮುಖ ಅರಳುತ್ತದೆ. ಕ್ಯಾನ್ಸರಿಗಿಂತ ತೊನ್ನಿನ ಭಯವೇ ದೊಡ್ಡದು, ಹೆಣ್ಣುಮಗುವಾದರಂತೂ ಕೇಳಲೇಬೇಡಿ. ಆ ಸಮಾಧಾನ ಕೆಡಿಸಲು ಮನಸ್ಸು ಬಾರದು. ಹಾಗೇ ಬಿಟ್ಟರೆ ಮುಂದಿನ ವಾರದಿಂದ ಮಗು ನಾಪತ್ತೆ. "ಕ್ಯಾನ್ಸರ್ ಜಾತಿಯದೇ ಅಮ್ಮ, ಆದರೆ ತುಂಬಾ ನಿಧಾನದ್ದು. ಅಂಟಲ್ಲ. ಲೈಟ್ ಮಾತ್ರ ತಪ್ಪಿಸಬೇಡಿ" ಅಂತ ಒಂದೇ ಉಸಿರಿಗೆ ಹೇಳಿಬಿಡುತ್ತೇನೆ.

ಮಕ್ಕಳ ಹೆದರಿಕೆ ಬೇರೆ. ಆಳೆತ್ತರದ ಪೆಟ್ಟಿಗೆ, ಸುತ್ತ ಟ್ಯೂಬುಗಳು, ಕಣ್ಣಿಗೆ ಕಪ್ಪು ಕನ್ನಡಕ. ಮೊದಲ ಸಲ ಲೈಟ್ ಹಾಕದೆ ಫ್ಯಾನ್ ಮಾತ್ರ ಓಡಿಸಿ, ಹೊರಗಿಂದ ಮಾತಾಡಿಸುತ್ತೇನೆ. ಗಂಡುಮಕ್ಕಳಿಗೆ ಮುಂದೆ ಮುಚ್ಚಬೇಕು, ಹಿಂದಿನ ಮಚ್ಚೆಗೆ ಬೆಳಕು ಬೀಳಬೇಕು. ಚಡ್ಡಿಗಿಂತ ಅಜ್ಜಂದಿರ ಲಂಗೋಟಿಯೇ ಸರಿ. ಒಬ್ಬ ಹುಡುಗ ಒಳಗೆ ನಿಂತು ಮಗ್ಗಿ ಹೇಳುತ್ತಿದ್ದ. ಶುರುವಿನ ಡೋಸ್‌ಗೆ ಎರಡರ ಮಗ್ಗಿ ಮುಗಿಯುವಷ್ಟರಲ್ಲಿ ಲೈಟ್ ಆರುತ್ತಿತ್ತು. ಮೈ ಕೆಂಪಾಗದಿದ್ದರೆ ಡೋಸ್ ಸ್ವಲ್ಪ ಸ್ವಲ್ಪವೇ ಏರಿಸುತ್ತಾರಲ್ಲ, ಮಗ್ಗಿಯೂ ಏರಿತು. ಹದಿಮೂರಕ್ಕೆ ಬಂದಾಗ, "ಸಿಸ್ಟರ್, ಇನ್ನು ಜಾಸ್ತಿ ಮಾಡ್ಬೇಡಿ ಅಂತ ಡಾಕ್ಟ್ರಿಗೆ ಹೇಳಿ" ಅಂದ.

ವಾರಕ್ಕೆ ಮೂರು ದಿನ, ನಡುವೆ ಬಿಡುವು ಕೊಟ್ಟು, ತಿಂಗಳುಗಟ್ಟಲೆ. ಶಾಲೆಗೆ ಡಾಕ್ಟರಿಂದ ಚೀಟಿ ಬರೆಸಿಕೊಡುತ್ತೇನೆ: ಸೋಮ, ಬುಧ, ಶುಕ್ರ ತಡವಾಗುತ್ತದೆ, ಅಂಟುರೋಗವಲ್ಲ. ಕಾಯಿಲೆಯ ಹೆಸರು ಬೇಡ ಅನ್ನುವುದು ನನ್ನ ಹಟ. ಸ್ಟಾಫ್ ರೂಮಿಗೆ ಹೋದ ಹೆಸರು ಸಂಜೆಗೆ ಊರಿಗೇ ಗೊತ್ತಾಗುತ್ತದೆ.

ನಿಜವಾದ ಕಷ್ಟ ಮೈಬಣ್ಣ ಮರಳಿದ ಮೇಲೆ. ವಾಸಿಯಾಯಿತಲ್ಲ ಅಂತ ನಿಲ್ಲಿಸಿಬಿಡುತ್ತಾರೆ. ಈ ಕಾಯಿಲೆ ಮರುಕಳಿಸುವುದು ಸಾಮಾನ್ಯ. ವರ್ಷಗಟ್ಟಲೆ ತಪಾಸಣೆ ಬೇಕು. ಅದಕ್ಕೇ ಮೊದಲ ದಿನದ ಫೋಟೊ ಅಮ್ಮನ ಮೊಬೈಲಿನಲ್ಲೇ ತೆಗೆಸಿಡುತ್ತೇನೆ. ಭಾನುವಾರ ಎಣ್ಣೆ ಹಚ್ಚುವ ಮುಂಚೆ, ಕಿಟಕಿಯ ಬೆಳಕಿನಲ್ಲಿ, ಫೋಟೊ ಪಕ್ಕಕ್ಕಿಟ್ಟು ನೋಡಿ ಅನ್ನುತ್ತೇನೆ. ದೊಡ್ಡವರಾಗುತ್ತಿರುವ ಹುಡುಗಿಯರು ಅಮ್ಮನಿಗೂ ಮೈ ತೋರಿಸಲು ಒಪ್ಪುವುದಿಲ್ಲ. ಅವರಿಗೆ ಎರಡು ಕನ್ನಡಿ ಹಿಡಿದು ತಾವೇ ನೋಡಿಕೊಳ್ಳುವುದನ್ನು ಕಲಿಸಿ, ಕಾಯಿಲೆಯ ಪೂರ್ತಿ ಹೆಸರು ಬರೆದು, ಬಯಾಪ್ಸಿ ರಿಪೋರ್ಟಿನ ಜೆರಾಕ್ಸ್ ಅವರ ಕೈಗೇ ಕೊಡುತ್ತೇನೆ. ನಾಳೆ ಓದಲು ಬೇರೆ ಊರಿಗೆ ಹೋದರೆ ಹೊಸ ಡಾಕ್ಟರಿಗೆ ಹೇಳಬೇಕಾದವರು ಅವರೇ ತಾನೇ.