ಟ್ರಾಟ್‌ಕಂಟಾರೆಲ್ ಕೀಳುವಾಗ ವಿಷದ ಅಣಬೆಯನ್ನು ಗುರುತಿಸುವುದು ಹೇಗೆ?

ಬೇಸಿಗೆ ಮುಗಿಯುತ್ತಿದ್ದಂತೆ ಸ್ವೀಡನ್ನಿನ ಸ್ಪ್ರೂಸ್ ಕಾಡುಗಳಿಗೆ ಜನ ಬುಟ್ಟಿ ಹಿಡಿದು ಹೊರಡುತ್ತಾರೆ. ಅಲ್ಲಿರುವ ನಮ್ಮ ಕನ್ನಡದವರೂ ಹೋಗುತ್ತಾರೆ. ಟ್ರಾಟ್‌ಕಂಟಾರೆಲ್ ಎಂಬ ತಿನ್ನುವ ಅಣಬೆಯ ಗುಂಪು ಕಂಡ ಕೂಡಲೇ ಹಿಡಿ ಹಿಡಿಯಾಗಿ ಕಿತ್ತು ಚೀಲ ತುಂಬುವವರನ್ನು ತುಂಬಾ ನೋಡಿದ್ದೇನೆ. ಅದೇ ಹಾವಸೆಯಲ್ಲಿ, ಕೆಲವೊಮ್ಮೆ ಅದೇ ಗುಂಪಿನ ನಡುವೆ, ಟೊಪ್ಪಿಗ್ ಯಿಫ್ಟ್‌ಸ್ಪಿಂಡ್ಲಿಂಗ್ ಎಂಬ ವಿಷದ ಅಣಬೆಯೂ ಏಳುತ್ತದೆ. ವಿಜ್ಞಾನಿಗಳು ಇದನ್ನು ಕಾರ್ಟಿನೇರಿಯಸ್ ರುಬೆಲಸ್ ಎನ್ನುತ್ತಾರೆ.

ಮೊದಲ ಕೆಲಸ, ಒಂದೊಂದೇ ಅಣಬೆ ಕೀಳುವುದು. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ, ಅದರಲ್ಲಿ ಎಲ್ಲಾ ಬೆವೆತು ಮುದ್ದೆಯಾಗುತ್ತದೆ.

ಎರಡನೆಯದು, ಮೇಲಿನ ನೋಟ. ವಿಷದ್ದು ಕೆಂಪು ಮಿಶ್ರಿತ ಕಂದು, ಟೋಪಿಯ ನಡುವೆ ಸಾಮಾನ್ಯವಾಗಿ ಒಂದು ಮೊನೆ.

ಮೂರನೆಯದೇ ಮುಖ್ಯ: ಅಣಬೆಯನ್ನು ತಿರುಗಿಸಿ ಅಡಿ ನೋಡಿ. ಜನ ಎಡವುವುದು ಇಲ್ಲೇ. ಟ್ರಾಟ್‌ಕಂಟಾರೆಲ್‌ನ ಅಡಿಯಲ್ಲಿ ಬಿಡಿ ಪದರುಗಳಿಲ್ಲ. ಮೈಯಿಂದಲೇ ಎದ್ದ ದಪ್ಪ ಗೆರೆಗಳಿವೆ. ಅವು ಕವಲೊಡೆದು ತೊಟ್ಟಿನ ಮೇಲೂ ಇಳಿಯುತ್ತವೆ, ಬಣ್ಣ ಬೂದು ಇಲ್ಲವೇ ಮಾಸಲು ಹಳದಿ. ವಿಷದ್ದರಲ್ಲಿ ಪುಸ್ತಕದ ಹಾಳೆಗಳಂತೆ ಬೇರೆ ಬೇರೆ ನಿಂತ ಪದರುಗಳು, ತುಕ್ಕಿನ ಬಣ್ಣ. ಉಗುರಿನಿಂದ ಒಂದು ಪದರನ್ನು ಬಿಡಿಸಲು ನೋಡಿ. ಬಿಡಿಯಾಗಿ ಎದ್ದು ಬಂದರೆ ಅದು ಟ್ರಾಟ್‌ಕಂಟಾರೆಲ್ ಅಲ್ಲ, ಎಸೆಯಿರಿ. ಎಳೆಯದಾಗಿದ್ದರೆ ಪದರುಗಳ ಮೇಲೆ ಜೇಡರ ಬಲೆಯಂಥ ಎಳೆಗಳೂ ಕಾಣಬಹುದು. ಬಲಿತಾಗ ಅವು ಉಳಿಯುವುದಿಲ್ಲ. ಹಾಗಾಗಿ ಬಲೆ ಇಲ್ಲ ಅಂತ ಧೈರ್ಯ ಮಾಡಬೇಡಿ.

ಆಮೇಲೆ ತೊಟ್ಟನ್ನು ಉದ್ದಕ್ಕೆ ಸೀಳಿ. ಟ್ರಾಟ್‌ಕಂಟಾರೆಲ್‌ನದು ಹಳದಿ, ಒಳಗೆ ಟೊಳ್ಳು. ವಿಷದ್ದು ಗಟ್ಟಿ, ಹೊರಗೆ ಅಂಕುಡೊಂಕು ಹಳದಿ ಪಟ್ಟಿಗಳು. ಪಟ್ಟಿ ಮಸುಕಾಗಿರಬಹುದು, ತೊಟ್ಟನ್ನು ಹುಳು ಕೊರೆದು ಟೊಳ್ಳು ಮಾಡಿರಬಹುದು. ಅನುಮಾನ ಬಂದರೆ ಬುಟ್ಟಿಗೆ ಹಾಕಬೇಡಿ.

ಫೋನಿನ ಆ್ಯಪ್ ನಂಬಿ ಅಣಬೆ ತಿನ್ನಲೇಬಾರದು. ಮೇಲಿನಿಂದ ತೆಗೆದ ಒಂದು ಫೋಟೊದಲ್ಲಿ ಅಡಿಭಾಗವೂ ಇಲ್ಲ, ತೊಟ್ಟಿನ ಒಳಗೂ ಇಲ್ಲ. ಬೆಳ್ಳಿ ಚಮಚ ಕಪ್ಪಾಗದಿದ್ದರೆ ಸರಿ, ಬಸವನಹುಳು ತಿಂದಿದ್ದರೆ ನಾವೂ ತಿನ್ನಬಹುದು ಎನ್ನುವ ಮಾತುಗಳೆಲ್ಲ ಸುಳ್ಳು. ಇದರ ವಿಷ ಒರೆಲ್ಲನೈನ್. ಬೇಯಿಸಿದರೂ, ಒಣಗಿಸಿದರೂ, ಫ್ರೀಜರ್‌ನಲ್ಲಿಟ್ಟರೂ ಹೋಗುವುದಿಲ್ಲ. ಮುಟ್ಟಿದರೆ ಏನೂ ಆಗುವುದಿಲ್ಲ, ತಿಂದರೆ ಕಿಡ್ನಿಗೇ ಪೆಟ್ಟು. 2008ರಲ್ಲಿ ಸ್ಕಾಟ್ಲೆಂಡಿನಲ್ಲಿ ಒಂದೇ ಊಟದಲ್ಲಿ ಈ ಅಣಬೆ ತಿಂದ ನಾಲ್ವರು ಆಸ್ಪತ್ರೆ ಸೇರಿದರು. ಕೆಲವರಿಗೆ ಬೇರೆ ಕಿಡ್ನಿಯನ್ನೇ ಹಾಕಬೇಕಾಯಿತು.

ತಿಂದ ದಿನ ಏನೂ ಅನಿಸದಿರುವುದೇ ಇದರ ದೊಡ್ಡ ಅಪಾಯ. ಎರಡು ಮೂರು ದಿನ, ಕೆಲವರಿಗೆ ಎರಡು ವಾರವೂ ಕಳೆದ ಮೇಲೆ ವಿಪರೀತ ಬಾಯಾರಿಕೆ, ವಾಂತಿ, ಸೊಂಟದ ಹತ್ತಿರ ನೋವು ಶುರುವಾಗುತ್ತದೆ. ಅಷ್ಟರಲ್ಲಿ ಕಿಡ್ನಿ ಹಾಳಾಗಿರುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಆದ್ದರಿಂದ ತಪ್ಪಿ ತಿಂದಿದ್ದೇವೆ ಅನಿಸಿದರೆ, ಮೈ ಚೆನ್ನಾಗಿಯೇ ಇದ್ದರೂ ಕೂಡಲೇ 112ಕ್ಕೆ ಕರೆ ಮಾಡಿ, ವಿಷ ಮಾಹಿತಿ ಕೇಂದ್ರಕ್ಕೆ ಕೊಡಿ ಎಂದು ಕೇಳಿ. ಉಳಿದ ಅಣಬೆ, ಹೆಚ್ಚಿ ಬಿಸಾಡಿದ ಚೂರು, ಪಲ್ಯ ಏನಿದ್ದರೂ ತೆಗೆದಿಟ್ಟುಕೊಂಡು ಆಸ್ಪತ್ರೆಗೆ ಒಯ್ಯಿರಿ. ಜೊತೆಗೆ ಊಟ ಮಾಡಿದ ಎಲ್ಲರನ್ನೂ ಕರೆದುಕೊಂಡು ಹೋಗಿ.