ಕರೆಂಟ್ ಹೋದಾಗ ಕೇಳಿದ ಆಲ್ಬಮ್‌ಗಳು

ನಮ್ಮೂರು ಬನಹಟ್ಟಿ. ರಬಕವಿ-ಬನಹಟ್ಟಿ ಅಂತ ಜೋಡಿ ಹೆಸರಿನಲ್ಲೇ ಎಲ್ಲರಿಗೂ ಗೊತ್ತು. ಈಗ ಬಾಗಲಕೋಟೆ ಜಿಲ್ಲೆ, 1997ಕ್ಕೆ ಮುಂಚೆ ವಿಜಾಪುರ ಜಿಲ್ಲೆ. ಓಣಿ ಓಣಿಯಲ್ಲಿ ಪವರ್‌ಲೂಮ್. ನಮ್ಮ ಮನೆಯಲ್ಲೂ ನಾಲ್ಕು ಮಗ್ಗ ಇದ್ದವು. ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದೆ ಅಡುಗೆಮನೆ, ನಡುವೆ ಒಂದೇ ಗೋಡೆ. ಬೆಳಿಗ್ಗೆ ಶುರುವಾದ ಖಟಕ್ ಖಟಕ್ ಸಪ್ಪಳ ರಾತ್ರಿವರೆಗೆ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿ ಕೂತವರ ಜೊತೆ ಮಾತಾಡಬೇಕಾದರೂ ಕಿವಿ ಹತ್ತಿರ ಬಾಯಿ ಒಯ್ಯಬೇಕು. ಅಂಥ ಮನೆಯಲ್ಲಿ ಹಾಡು ಕೇಳೋದು ಅಂದರೆ ಕರೆಂಟ್ ಹೋದಾಗ ಮಾತ್ರ.

ಆಗ ಲೋಡ್ ಶೆಡ್ಡಿಂಗ್ ಜಾಸ್ತಿ. ಕರೆಂಟ್ ಹೋದ ಕೂಡಲೇ ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಲ್ಲುತ್ತಿದ್ದವು. ಆ ಮೌನ ಎಷ್ಟು ದೊಡ್ಡದು ಅನ್ನೋದು ಮಗ್ಗದ ಊರಲ್ಲಿ ಬೆಳೆದವರಿಗೇ ಗೊತ್ತು. ಅಪ್ಪ ಹೊರಗೆ ಕಟ್ಟೆ ಮೇಲೆ ಹೋಗಿ ಕೂಡುತ್ತಿದ್ದ. ಅವ್ವ ರಾಟೆ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ನಾನು ಗೋಡೆಯ ಮಾಡದ ಮೇಲಿನ ಟೂ-ಇನ್-ಒನ್ ಇಳಿಸಿ, ದೊಡ್ಡ ಸೆಲ್ ಹಾಕಿ, ಕ್ಯಾಸೆಟ್ ತುರುಕುತ್ತಿದ್ದೆ.

ಹೆವಿ ಮೆಟಲ್ ಮತ್ತು ಹಾರ್ಡ್ ರಾಕ್, ಅಂದರೆ ಗಿಟಾರ್-ಡ್ರಮ್ಮಿನ ಅಬ್ಬರದ ಪಾಶ್ಚಾತ್ಯ ಸಂಗೀತ, ಕೇಳಲು ಶುರು ಮಾಡಿ ಮೂವತ್ತು ವರ್ಷ ಆಗುತ್ತ ಬಂತು. ಒಂದು ಆಲ್ಬಮ್ಮನ್ನು ಮೊದಲಿನಿಂದ ಕೊನೆವರೆಗೆ, ಅದೇ ಕ್ರಮದಲ್ಲಿ, ಎದ್ದು ಹೋಗದೆ ಕೇಳುವುದು ನನಗೆ ಆ ಕತ್ತಲಲ್ಲೇ ರೂಢಿಯಾಯಿತು. ಕಾರಣ ಸರಳ. ಫಾರ್ವರ್ಡ್ ಒತ್ತಿದರೆ ಸೆಲ್ ಬೇಗ ಇಳಿಯುತ್ತದೆ, ಸೆಲ್‌ಗೆ ದುಡ್ಡು ಬೇಕು. ಇಷ್ಟವಾಗದ ಹಾಡನ್ನು ದಾಟಿಸುವ ಹಾಗಿರಲಿಲ್ಲ, ಕೇಳಲೇಬೇಕಿತ್ತು. ಹಾಗೆ ಕೇಳಿ ಕೇಳಿ, ಮೊದಲು ಬೇಡ ಅನ್ನಿಸಿದ ಹಾಡೇ ಕೊನೆಗೆ ಎಲ್ಲಕ್ಕಿಂತ ಹತ್ತಿರದ್ದಾಗುತ್ತಿತ್ತು. ರಿವೈಂಡ್ ಮಾಡಲಿಕ್ಕೂ ಸೆಲ್ ಬಳಸುತ್ತಿರಲಿಲ್ಲ. ಕ್ಯಾಸೆಟ್ಟಿನ ಹಲ್ಲಿನ ತೂತಿಗೆ ಪೆನ್ಸಿಲ್ ಹಾಕಿ ಸುತ್ತುತ್ತಿದ್ದೆ. ಆ ಕಡೆ ಅವ್ವನ ಕಂಡಿಕೆ, ಈ ಕಡೆ ನನ್ನ ಟೇಪ್. ಇಬ್ಬರೂ ಚಿಮಣಿ ಬೆಳಕಲ್ಲಿ ಸುತ್ತುತ್ತ ಕೂತಿರುತ್ತಿದ್ದೆವು.

ಮೊದಲ ಕ್ಯಾಸೆಟ್ ಬಂದದ್ದು 1996ರ ದೀಪಾವಳಿಗೆ. ಪುಣೆಯಲ್ಲಿ ಕೆಲಸಕ್ಕಿದ್ದ ದೊಡ್ಡಪ್ಪನ ಮಗ, ಅಣ್ಣ, ಒಂದು 90 ನಿಮಿಷದ ಖಾಲಿ ಕ್ಯಾಸೆಟ್ಟಿನಲ್ಲಿ ತುಂಬಿಸಿಕೊಂಡು ತಂದಿದ್ದ. ಒಂದು ಬದಿಗೆ ಮೆಟಾಲಿಕಾ ಬ್ಯಾಂಡಿನ ‘ಮಾಸ್ಟರ್ ಆಫ್ ಪಪೆಟ್ಸ್’, ಇನ್ನೊಂದು ಬದಿಗೆ ಎಸಿ/ಡಿಸಿ ಬ್ಯಾಂಡಿನ ‘ಬ್ಯಾಕ್ ಇನ್ ಬ್ಲ್ಯಾಕ್’. ‘ತಮ್ಮಾ, ಇದನ್ನ ಸಣ್ಣ ದನಿಯೊಳಗ ಕೇಳಬ್ಯಾಡ’ ಅಂದ. ಅಷ್ಟೇ ಹೇಳಿದ್ದು.

‘ಬ್ಯಾಕ್ ಇನ್ ಬ್ಲ್ಯಾಕ್’ ಗಂಟೆ ಬಾರಿಸುವುದರಿಂದ ಶುರುವಾಗುತ್ತದೆ. ಸುಮಾರು ಒಂದು ಟನ್ ತೂಕದ ನಿಜವಾದ ಕಂಚಿನ ಗಂಟೆ ಅದು. ಒಂದು ಏಟು. ನಾದ ಕರಗುವ ತನಕ ಬಿಡುವು. ಮತ್ತೊಂದು ಏಟು. ಆಮೇಲೆ ಗಿಟಾರ್. ಆ ಗಂಟೆ ಸಾವಿನ ಗಂಟೆ ಅಂತ ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಅವರ ಗಾಯಕ ಬಾನ್ ಸ್ಕಾಟ್ 1980ರ ಫೆಬ್ರವರಿಯಲ್ಲಿ ತೀರಿಕೊಂಡ. ಬ್ರಯಾನ್ ಜಾನ್ಸನ್ ಎಂಬ ಹೊಸ ಗಾಯಕನ ಜೊತೆ ಅದೇ ಜುಲೈನಲ್ಲಿ ಈ ಆಲ್ಬಮ್ ಬಂತು. ಮುಖಪುಟ ಪೂರ್ತಿ ಕಪ್ಪು, ಹೋದವನ ಸೂತಕಕ್ಕೆ. ಹಾಗಂತ ಒಳಗೆ ಅಳು ಇಲ್ಲ. ಹತ್ತು ಹಾಡು, 42 ನಿಮಿಷ, ಒಂದು ಏಟೂ ಜಾಸ್ತಿ ಇಲ್ಲ, ಕಡಿಮೆ ಇಲ್ಲ. ಹಾರ್ಡ್ ರಾಕ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಇವತ್ತಿಗೂ ಇದನ್ನೇ ಕೊಡುತ್ತೇನೆ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಮೊದಲ ಬದಿ. ಅದರಲ್ಲೊಂದು ತೊಡಕಿತ್ತು. ಬದಿಗೆ 45 ನಿಮಿಷ, ‘ಮಾಸ್ಟರ್ ಆಫ್ ಪಪೆಟ್ಸ್’ ಸುಮಾರು 55 ನಿಮಿಷ. ಏಳನೇ ಹಾಡು ‘ಒರೈಯನ್’. ಅದರಲ್ಲಿ ಗಾಯನ ಇಲ್ಲ, ಬರೀ ವಾದ್ಯ. ನಾಲ್ಕು ನಿಮಿಷದ ಹೊತ್ತಿಗೆ ಗಿಟಾರು, ಡ್ರಮ್ಮು ಎಲ್ಲ ಹಿಂದೆ ಸರಿಯುತ್ತವೆ. ತಗ್ಗು ದನಿಯ ಬೇಸ್ ಗಿಟಾರ್ ಒಂದೇ ಮೆಲ್ಲಗೆ ನಡೆಯಲು ಶುರು ಮಾಡುತ್ತದೆ. ಅಷ್ಟರಲ್ಲಿ ಖಟ್. ಟೇಪ್ ಮುಗಿಯಿತು. ಒಂದು ವರ್ಷ ನಾನು ಆ ಆಲ್ಬಮ್ ಕೇಳಿದ್ದು ಹೀಗೆ. ಆ ಬೇಸ್ ಎಲ್ಲಿಗೆ ಹೋಗುತ್ತದೆ ಅಂತ ರಾತ್ರಿ ಮಲಗಿ ನನಗೆ ನಾನೇ ಗುನುಗಿಕೊಳ್ಳುತ್ತಿದ್ದೆ. ಎಂಟನೇ ಹಾಡೊಂದು ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ.

1997ರಲ್ಲಿ ಡಿಪ್ಲೊಮಾ ಓದಲು ಬೆಳಗಾವಿಗೆ ಹೋದೆ. ಮೊದಲ ತಿಂಗಳ ಖರ್ಚಿನಲ್ಲಿ ಉಳಿಸಿದ ದುಡ್ಡು ಹಿಡಿದು ಖಡೇಬಜಾರಿನ ಒಂದು ಕ್ಯಾಸೆಟ್ ಅಂಗಡಿಗೆ ನಡೆದೆ. ಅಸಲಿ ಕ್ಯಾಸೆಟ್ ಸಿಕ್ಕಿತು. ಹಾಸ್ಟೆಲ್ಲಿನಲ್ಲಿ ರೂಮ್‌ಮೇಟಿನ ವಾಕ್‌ಮನ್ ಕೇಳಿ ಪಡೆದು ಮಾಳಿಗೆ ಹತ್ತಿದೆ. ನೇರ ‘ಒರೈಯನ್’ಗೆ ಹೋಗಬಹುದಿತ್ತು, ಹೋಗಲಿಲ್ಲ. ಮೊದಲ ಹಾಡಿನಿಂದಲೇ ಹಚ್ಚಿದೆ. ಏಳನೇ ಹಾಡು ಬಂತು. ಬೇಸ್ ಒಂಟಿಯಾಗುವ ಜಾಗ ಬಂತು. ಉಸಿರು ಹಿಡಿದುಕೊಂಡೆ. ಖಟ್ ಅನ್ನಲಿಲ್ಲ. ಬೇಸ್ ನಡೆಯುತ್ತಲೇ ಹೋಯಿತು. ಅದರ ಮೇಲೆ ಒಂದು ಗಿಟಾರ್ ಬಂತು, ಅದಕ್ಕೆ ಜೋಡಿಯಾಗಿ ಇನ್ನೊಂದು ಬಂತು. ಏನು ಹೇಳಲಿ. ಒಂದು ವರ್ಷ ನಾನು ಗುನುಗಿಕೊಂಡದ್ದು ಯಾವುದೂ ಅದರ ಹತ್ತಿರಕ್ಕೂ ಇರಲಿಲ್ಲ. ಕೆಳಗೆ ಊಟದ ಗಂಟೆ ಆಗಿತ್ತು, ನಾನು ಇಳಿಯಲಿಲ್ಲ.

ಆ ಬೇಸ್ ನುಡಿಸಿದವನು ಕ್ಲಿಫ್ ಬರ್ಟನ್. ಆಲ್ಬಮ್ ಬಂದದ್ದು 1986ರ ಮಾರ್ಚ್‌ನಲ್ಲಿ. ಅದೇ ಸೆಪ್ಟೆಂಬರ್ 27ರಂದು ಸ್ವೀಡನ್ನಿನಲ್ಲಿ ಬ್ಯಾಂಡಿನ ಬಸ್ಸು ಉರುಳಿ ಅವನು ತೀರಿಕೊಂಡ. ವಯಸ್ಸು 24. ಇದನ್ನು ತಿಳಿದ ಮೇಲೆ ನಾನು ಯಾವ ಆಲ್ಬಮ್ ಕೇಳಿದರೂ ಒಂದು ಸಲ ಬೇಸ್‌ಗಾಗಿಯೇ ಕೇಳುವುದು ರೂಢಿ ಮಾಡಿಕೊಂಡೆ.

ಕೇಳುವ ನನ್ನ ಪದ್ಧತಿ ಅಲ್ಲಿಂದ ಗಟ್ಟಿಯಾಯಿತು. ಮೊದಲ ಸಲ ಸುಮ್ನೆ ಕೂತು ಕೇಳೋದು, ಏನೂ ಹುಡುಕಬಾರದು. ಎರಡನೇ ಸಲ ಡ್ರಮ್ ಮಾತ್ರ ಹಿಡಿದು ಹೋಗೋದು. ಮೂರನೇ ಸಲ ಬೇಸ್. ನೇಕಾರರ ಮನೆಯವನಾದ್ದರಿಂದ ನನಗೆ ಇದು ಹಾಸು-ಹೊಕ್ಕಿನ ಲೆಕ್ಕದಲ್ಲೇ ತಲೆಗೆ ಹೋಗೋದು. ಡ್ರಮ್ಮು, ಬೇಸು ಹಾಸು. ಗಿಟಾರ್ ಹೊಕ್ಕು. ಬಟ್ಟೆಯಲ್ಲಿ ಬಣ್ಣ ಕಾಣೋದು ಹೊಕ್ಕಿನದ್ದೇ ಇರಬಹುದು, ಆದರೆ ಹಾಸು ಸಡಿಲವಾದರೆ ಬಟ್ಟೆಯೇ ಇಲ್ಲ. ಐರನ್ ಮೇಡನ್ ಬ್ಯಾಂಡಿನ ‘ದಿ ನಂಬರ್ ಆಫ್ ದಿ ಬೀಸ್ಟ್’ (1982) ತೆಗೆದುಕೊಂಡು ಸ್ಟೀವ್ ಹ್ಯಾರಿಸ್‌ನ ಬೇಸ್ ಒಂದನ್ನೇ ಹಿಂಬಾಲಿಸಿ ನೋಡಿ. ಬೆರಳಲ್ಲೇ ನುಡಿಸುತ್ತಾನೆ, ಕುದುರೆ ಓಟದ ಲಯ. ಕಾಡಸಿದ್ಧೇಶ್ವರ ಜಾತ್ರೆಯಲ್ಲಿ ಕರಡಿ ಮಜಲು ವಾದ್ಯದ ಮುಂದೆ ನಿಂತು ಬೆಳೆದ ನಮಗೆ ಅದು ಹೊಸದೇನಲ್ಲ. ಕರಡಿ ಏಟು ಬಿದ್ದಾಗ ಎದೆಗೂಡು ನಡುಗುತ್ತದೆ, ಅಲ್ವಾ? ಇಲ್ಲಿ ನಡುಗುವುದೂ ಅದೇ ಜಾಗ.

ನಾಲ್ಕನೇ ಸಲ ಸಾಹಿತ್ಯ. ನಾನು ಓದಿದ್ದು ಕನ್ನಡ ಮಾಧ್ಯಮ. ಕ್ಯಾಸೆಟ್ಟಿನ ಒಳಗಿನ ಮಡಚಿದ ಕಾಗದ ಬಿಚ್ಚಿ, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ನೋಟ್‌ಬುಕ್ಕಿನಲ್ಲಿ ಒಂದೊಂದೇ ಸಾಲಿನ ಅರ್ಥ ಬರೆಯುತ್ತಿದ್ದೆ. ‘ಮಾಸ್ಟರ್ ಆಫ್ ಪಪೆಟ್ಸ್’ನ ‘ಡಿಸ್ಪೋಸಬಲ್ ಹೀರೋಸ್’ ಹಾಡಿಗೆ ಎರಡು ಸಂಜೆ ಹಿಡಿಯಿತು. ಹೇಳಿದ ಕಡೆ ಹೋಗಿ ಸಾಯಲಿಕ್ಕೆ ತಯಾರು ಮಾಡಿದ ಹುಡುಗ ಸೈನಿಕನೊಬ್ಬನ ಹಾಡದು. ಮರುದಿನ ಬೆಳಿಗ್ಗೆ ಕ್ಯಾಂಪ್ ಕಡೆ ಹೋಗಿದ್ದೆ. ಅಲ್ಲಿ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ ಇದೆ. ತಲೆ ಸಣ್ಣಗೆ ಕತ್ತರಿಸಿದ ಹೊಸ ಹುಡುಗರು ಸಾಲಾಗಿ ಓಡುತ್ತಿದ್ದರು. ನನ್ನದೇ ವಯಸ್ಸು. ಒಬ್ಬ ನನ್ನ ಕಡೆ ನೋಡಿ ನಕ್ಕ. ಆ ಹಾಡು ಹಚ್ಚಿದಾಗಲೆಲ್ಲ ನನಗೆ ಆ ಮುಖ ಎದುರಿಗೆ ಬರುತ್ತದೆ. ಮೆಟಲ್ ಅಂದರೆ ಬರೀ ಗದ್ದಲ ಅನ್ನುವವರ ಜೊತೆ ನಾನು ವಾದ ಮಾಡೋದಿಲ್ಲ. ಆ ಹಾಡಿನ ಅರ್ಥ ಬರೆದಿಟ್ಟ ಹಾಳೆ ತೋರಿಸುತ್ತೇನೆ.

ಬೆಳಗಾವಿಯಲ್ಲೇ ಹಳೇ ಪುಸ್ತಕದ ಗಾಡಿಯಲ್ಲಿ ಸಿಕ್ಕ ಒಂದು ಪತ್ರಿಕೆಯಲ್ಲಿ ಟೋನಿ ಅಯೋಮಿಯ ಕಥೆ ಓದಿದೆ. ಬ್ಲ್ಯಾಕ್ ಸಬ್ಬಾತ್ ಬ್ಯಾಂಡಿನ ಗಿಟಾರಿಸ್ಟ್. ಊರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, ಕಾರ್ಖಾನೆಗಳ ಊರು. 17ನೇ ವಯಸ್ಸಿಗೆ ತಗಡಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ. ಕೆಲಸ ಬಿಡುವ ಕೊನೆಯ ದಿನವೇ ಯಂತ್ರಕ್ಕೆ ಕೈ ಸಿಕ್ಕು ಎರಡು ಬೆರಳ ತುದಿ ಹೋದವು. ಅವನು ಗಿಟಾರ್ ಬಿಡಲಿಲ್ಲ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಅದರ ಮೇಲೆ ಚರ್ಮ ಅಂಟಿಸಿದ, ತೆಳು ತಂತಿ ಹಾಕಿಕೊಂಡ.

ಆ ಸಲ ರಜೆಗೆ ಊರಿಗೆ ಬಂದಾಗ ಸಬ್ಬಾತ್‌ನ ಮೊದಲ ಆಲ್ಬಮ್ ಜೊತೆಗಿತ್ತು. ಸಂಜೆ ಕರೆಂಟ್ ಹೋಯಿತು. ಅಪ್ಪ ಕಟ್ಟೆ ಮೇಲಿದ್ದ. ನಮ್ಮಪ್ಪನ ಕಿವಿ ಎಂಥದ್ದು ಅಂದರೆ, ಅಡುಗೆಮನೆಯಲ್ಲಿ ಊಟಕ್ಕೆ ಕೂತಲ್ಲಿಂದಲೇ ‘ಮೂರನೇ ಮಗ್ಗದಾಗ ಎಳಿ ಹರೀತು ನೋಡು’ ಅನ್ನುತ್ತಿದ್ದ. ಹೋಗಿ ನೋಡಿದರೆ ಹರಿದಿರುತ್ತಿತ್ತು. ನಾನು ಅಯೋಮಿಯ ಕಥೆ ಹೇಳಿದೆ. ಅಪ್ಪ ತನ್ನ ಎಡಗೈ ನೋಡಿಕೊಂಡ. ಲಾಳಿ ಬಡಿದು ಅದರ ತೋರುಬೆರಳಿನ ಉಗುರು ಎಂದೋ ಹೋಗಿತ್ತು.

‘ಯಾವ ಕೈದು ಬಳ್ಳು?’ ಅಂದ.

‘ಬಲಗೈದಪ್ಪಾ. ಆದ್ರ ಅಂವ ಎಡಚ.’

ಅಪ್ಪ ಸ್ವಲ್ಪ ಹೊತ್ತು ಗಾಳಿಯಲ್ಲೇ ಕೈ ಆಡಿಸಿದ. ‘ಹಂಗಾದ್ರ ತಂತಿ ಒತ್ತೋ ಕೈನ ಹೋತಲ್ಲ’ ಅಂದ. ಆಮೇಲೆ, ‘ಹಚ್ಚು, ಕೇಳೋಣು.’

ಆ ಆಲ್ಬಮ್ ಮಳೆ ಸದ್ದಿನಿಂದ ಶುರುವಾಗುತ್ತದೆ. ದೂರದಲ್ಲಿ ಗಂಟೆ, ಗುಡುಗು. ಅಪ್ಪ ಆಕಾಶ ನೋಡಿದ, ‘ಮಳಿ ಬಂತೇನು’ ಅಂತ. ಆಗ ಆ ಮೂರು ಸ್ವರ ಬಿದ್ದವು. ನಿಧಾನ, ಭಾರ, ಒಂದೊಂದರ ನಡುವೆ ನೆಲ ಕಾಣುವಷ್ಟು ಜಾಗ. ಅಪ್ಪ ಪೂರ್ತಿ ಆರು ನಿಮಿಷ ಅಲುಗಾಡಲಿಲ್ಲ. ಮುಗಿದ ಮೇಲೆ, ‘ಅವಸರ ಮಾಡಂಗಿಲ್ಲ ಅಂವ’ ಅಂದ. ಒಬ್ಬ ಕಸುಬುದಾರ ಇನ್ನೊಬ್ಬನಿಗೆ ಕೊಡುವ ಮರ್ಯಾದೆ ಅದು. ಆ ಆಲ್ಬಮ್ಮಿನ ಬಹುಪಾಲು 1969ರ ಅಕ್ಟೋಬರಿನಲ್ಲಿ ಒಂದೇ ದಿನದಲ್ಲಿ ರೆಕಾರ್ಡ್ ಆದದ್ದು, ಹೊರಬಂದದ್ದು 1970ರ ಫೆಬ್ರವರಿ 13ಕ್ಕೆ. ಹೆವಿ ಮೆಟಲ್ ಅಲ್ಲಿಂದ ಶುರು ಅನ್ನುವವರ ಗುಂಪಿನವನು ನಾನು.

ಅಯೋಮಿ ಮೂರನೇ ಆಲ್ಬಮ್ ‘ಮಾಸ್ಟರ್ ಆಫ್ ರಿಯಾಲಿಟಿ’ (1971) ಹೊತ್ತಿಗೆ ತಂತಿಗಳ ಬಿಗಿಯನ್ನೇ ಇಳಿಸಿದ. ಸಡಿಲ ತಂತಿ ಗಾಯದ ಬೆರಳಿಗೆ ಹಗುರ, ಆದರೆ ದನಿ ತಗ್ಗಿಗೆ ಇಳಿಯುತ್ತದೆ, ಭಾರವಾಗುತ್ತದೆ. ಇದನ್ನು ಓದಿದಾಗ ನನಗೆ ತಟ್ಟನೆ ಅರ್ಥವಾಯಿತು. ನಮ್ಮ ಟೂ-ಇನ್-ಒನ್ನಿನಲ್ಲಿ ಸೆಲ್ ಇಳಿಯುತ್ತ ಬಂದಾಗ ಟೇಪ್ ನಿಧಾನವಾಗಿ, ಹಾಡಿನ ದನಿ ತಗ್ಗುತ್ತಿತ್ತು. ಉಳಿದವರು ಸೆಲ್ ಬದಲಿಸು ಅನ್ನುತ್ತಿದ್ದರು. ನಾನು ಆ ಕೊನೆಯ ಹತ್ತು ನಿಮಿಷಕ್ಕೇ ಕಾಯುತ್ತಿದ್ದೆ. ಮರುದಿನ ಅದೇ ಸೆಲ್‌ಗಳನ್ನು ಮಾಳಿಗೆ ಮೇಲೆ ಬಿಸಿಲಿಗಿಟ್ಟು ಮತ್ತೊಂದು ಬದಿ ಕೇಳಿಕೊಳ್ಳುತ್ತಿದ್ದೆ.

2007ರ ಮಾರ್ಚ್ 17ಕ್ಕೆ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ರಾತ್ರಿ ಬಸ್ ಹತ್ತಿ ಹೋಗಿದ್ದೆ. ಅಷ್ಟು ಜನ ಒಂದೇ ದನಿಯಲ್ಲಿ ಹಾಡಿದ್ದನ್ನು ಮರೆಯಲಾಗದು. ಆದರೂ ನನ್ನ ಜೀವ ಇರುವುದು ಆಲ್ಬಮ್ಮಿನಲ್ಲೇ.

ಈಗ ಊರಲ್ಲೇ ಮೋಟರ್ ರಿವೈಂಡಿಂಗ್ ಮಾಡುತ್ತೇನೆ. ಮನೆಯಲ್ಲಿ ಎರಡು ಮಗ್ಗ ಉಳಿದಿವೆ. ಅಮಾವಾಸ್ಯೆಗೆ ಅವಕ್ಕೆ ಬಿಡುವು. ಆ ದಿನ ನಾಲ್ಕೈದು ಜನ ಹುಡುಗರು ಬರುತ್ತಾರೆ, ಒಂದು ಆಲ್ಬಮ್ ಇಟ್ಟುಕೊಂಡು ಕೂಡುತ್ತೇವೆ. ಫೋನ್ ಎಲ್ಲ ಮಗ್ಗದ ಮೇಲೆ. ಹೊಸಬರಿಗೆ ನಾನು ಮೊದಲು ‘ಬ್ಯಾಕ್ ಇನ್ ಬ್ಲ್ಯಾಕ್’ ಹಚ್ಚುತ್ತೇನೆ, ಮುಂದಿನ ತಿಂಗಳು ರೇನ್‌ಬೋ ಬ್ಯಾಂಡಿನ ‘ರೈಸಿಂಗ್’ (1976). ಅದರ ಎರಡನೇ ಬದಿಯಲ್ಲಿ ಎರಡೇ ಹಾಡು, ಒಂದೊಂದೂ ಎಂಟು ನಿಮಿಷಕ್ಕೂ ಜಾಸ್ತಿ. ‘ಸ್ಟಾರ್‌ಗೇಜರ್’ನಲ್ಲಿ ರಾನಿ ಜೇಮ್ಸ್ ಡಿಯೊ ದನಿ ಎತ್ತಿದಾಗ ಹಿಂದೆ ಮ್ಯೂನಿಕ್‌ನ ಪೂರ್ತಿ ಆರ್ಕೆಸ್ಟ್ರಾ ಏಳುತ್ತದೆ. ಅಲ್ಲಿಗೆ ಹುಡುಗರ ಕಣ್ಣು ಅಗಲವಾಗೋದನ್ನು ನೋಡಬೇಕು. ಸ್ಲೇಯರ್‌ನ ‘ರೇನ್ ಇನ್ ಬ್ಲಡ್’ ಮಾತ್ರ ಕೊನೆಗೆ. ಹತ್ತು ಹಾಡು, 29 ನಿಮಿಷವೂ ಇಲ್ಲ. ಕಿವಿ ಹದವಾಗದೆ ಅದನ್ನು ಕೇಳಿದರೆ ಬರೀ ವೇಗ ಕೇಳುತ್ತದೆ, ಅದರೊಳಗಿನ ಅಚ್ಚುಕಟ್ಟು ಕೇಳೋದಿಲ್ಲ.

ಹೋದ ಅಮಾವಾಸ್ಯೆಗೆ ‘ಮಾಸ್ಟರ್ ಆಫ್ ಪಪೆಟ್ಸ್’ ಸರದಿ. ಈಗ ಹಾಡು ಸ್ಪೀಕರಿನಲ್ಲಿ ಬರುತ್ತದೆ, ಸೆಲ್ ಚಿಂತೆ ಇಲ್ಲ. ‘ಒರೈಯನ್’ ಬಂತು, ಬೇಸ್ ಒಂಟಿಯಾಯಿತು. ನಾನು ಎದ್ದು ಮಾಡದ ಕಡೆ ಕೈ ಚಾಚಿದ್ದೆ, ಕ್ಯಾಸೆಟ್ ಬದಿ ತಿರುಗಿಸಲು. ‘ಏನ್ ಬೇಕಿತ್ತು ಕಾಕಾ?’ ಅಂತ ಒಬ್ಬ ಹುಡುಗ ಕೇಳಿದ. ಏನಿಲ್ಲ ಅಂತ ಕೂತೆ. ಬೇಸ್ ಮುಂದೆ ನಡೆದಿತ್ತು.